ಪ್ರಶ್ನೋತ್ತರ: ಮಜ್ಜೆಯ ಹಿಡಿತವನ್ನು ಸಡಿಲಿಸುವ ಒಂದು ಸಣ್ಣ ಅಣು

ಈ ಬಾರಿ ಬಂದ ಪತ್ರಗಳಲ್ಲಿ ಹಲವು ಒಂದೇ ಔಷಧಿಯನ್ನು ಕುರಿತಾಗಿದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಔಷಧಿಯ ಹೆಸರು ಪ್ಲೆರಿಕ್ಸಾಫೋರ್. ಸಂಶೋಧನಾಲಯಗಳಲ್ಲಿ ಇದನ್ನು ಎಎಂಡಿ-3100 ಎಂಬ ಹಳೆಯ ಸಂಕೇತದಿಂದಲೇ ಈಗಲೂ ಗುರುತಿಸುತ್ತಾರೆ. ರಕ್ತವನ್ನು ಉತ್ಪಾದಿಸುವ ಆಕರಕೋಶಗಳ, ಅಂದರೆ ಆಸ್ಪತ್ರೆಯಲ್ಲಿ ಸ್ಟೆಮ್ ಸೆಲ್ ಎನ್ನುವ ಕೋಶಗಳ, ಹೊರಮೈಯಲ್ಲಿರುವ ಸಿಎಕ್ಸ್‌ಸಿಆರ್-4 ಎಂಬ ಪ್ರೋಟೀನನ್ನು ಇದು ತಡೆಯುತ್ತದೆ. ಪತ್ರಗಳನ್ನು ಸಂಕ್ಷೇಪಿಸಿ, ಬರೆದವರ ಹೆಸರು ಬಿಟ್ಟು ಊರನ್ನು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ತಂದೆಯವರಿಗೆ ಮಲ್ಟಿಪಲ್ ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರ್ ಇದೆ. ಅವರದೇ ಸ್ಟೆಮ್ ಸೆಲ್‌ಗಳನ್ನು ತೆಗೆದಿಟ್ಟು ಕಸಿ ಮಾಡುವುದಾಗಿ ಹೇಳಿದ ವೈದ್ಯರು ನಾಲ್ಕು ದಿನ ಒಂದು ಇಂಜೆಕ್ಷನ್ ಕೊಟ್ಟರು. ಆದರೂ ರಕ್ತದಲ್ಲಿ ಕೌಂಟ್ ಸಾಲದೆಂದು ನಾಲ್ಕನೆಯ ದಿನ ರಾತ್ರಿ ಪ್ಲೆರಿಕ್ಸಾಫೋರ್ ಎಂಬ ಬೇರೊಂದು ಇಂಜೆಕ್ಷನ್ ಕೊಟ್ಟರು. ಬೆಳಿಗ್ಗೆ ನೋಡಿದರೆ ಕೌಂಟ್ ಏರಿತ್ತು. ನಾಲ್ಕು ದಿನಗಳಲ್ಲಿ ಆಗದ್ದು ಒಂದೇ ರಾತ್ರಿಯಲ್ಲಿ ಹೇಗಾಯಿತು? ಅಷ್ಟು ಕೋಶಗಳು ಆ ರಾತ್ರಿ ಹೊಸದಾಗಿ ಹುಟ್ಟಿದವೇ? ಹೀಗೆ ಅವಸರದಲ್ಲಿ ಹೊರತಂದ ಕೋಶಗಳು ಗುಣದಲ್ಲಿ ಕಡಿಮೆಯವಲ್ಲವೇ?
— ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಆ ರಾತ್ರಿ ಹೊಸ ಕೋಶಗಳು ಹುಟ್ಟಲಿಲ್ಲ. ನಿಮ್ಮ ತಂದೆಯವರ ಅಸ್ಥಿಮಜ್ಜೆಯಲ್ಲಿ ಮೊದಲೇ ಇದ್ದ ಕೋಶಗಳು ಅಲ್ಲಿಂದ ಬಿಡಿಸಿಕೊಂಡು ರಕ್ತಕ್ಕೆ ಇಳಿದವು. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಈ ಔಷಧಿಯಿಂದ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂಬುದೆಲ್ಲ ಸುಲಭವಾಗಿ ತಿಳಿಯುತ್ತದೆ.

ರಕ್ತದ ಆಕರಕೋಶಗಳು ಸಾಮಾನ್ಯವಾಗಿ ಮೂಳೆಯೊಳಗಿನ ಮಜ್ಜೆಯಲ್ಲಿ ವಾಸಿಸುತ್ತವೆ; ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಅವು ಬೆರಳೆಣಿಕೆಯಷ್ಟು ಮಾತ್ರ ಸಿಗುತ್ತವೆ. ಮಜ್ಜೆಯ ಆಧಾರಕೋಶಗಳು ಸಿಎಕ್ಸ್‌ಸಿಎಲ್-12 ಎಂಬ ಚಿಕ್ಕ ಪ್ರೋಟೀನನ್ನು ಸತತವಾಗಿ ಸ್ರವಿಸುತ್ತಿರುತ್ತವೆ, ಮತ್ತು ಆಕರಕೋಶದ ಮೈಮೇಲಿರುವ ಸಿಎಕ್ಸ್‌ಸಿಆರ್-4 ಎಂಬ ಗ್ರಾಹಕವು ಆ ಸಂಕೇತವನ್ನು ಹಿಡಿಯುತ್ತದೆ. ಸಂಕೇತ ಸಿಗುತ್ತಿರುವವರೆಗೆ ಆಕರಕೋಶವು ಗೂಟಕ್ಕೆ ಕಟ್ಟಿದ ಕರುವಿನಂತೆ ಮಜ್ಜೆಯಲ್ಲೇ ನಿಲ್ಲುತ್ತದೆ. ಈ ಜೋಡಿ ಎಷ್ಟು ಮುಖ್ಯವೆಂದರೆ, ಇವೆರಡರಲ್ಲಿ ಯಾವುದೇ ಒಂದರ ಜೀನನ್ನು ತೆಗೆದುಹಾಕಿದ ಇಲಿಗಳ ಭ್ರೂಣದಲ್ಲಿ ಮಜ್ಜೆಯ ರಕ್ತೋತ್ಪಾದನೆ ಸರಿಯಾಗಿ ಆರಂಭವಾಗುವುದೇ ಇಲ್ಲ. ಅಂಥ ಮರಿಗಳು ಹುಟ್ಟುವ ಹೊತ್ತಿಗೆ ಸಾಯುತ್ತವೆ. ಇದನ್ನು 1996ರಿಂದ 1998ರ ನಡುವೆ ಜಪಾನ್ ಮತ್ತು ಅಮೆರಿಕದ ತಂಡಗಳು ತೋರಿಸಿದವು.

ಮೊದಲ ನಾಲ್ಕು ದಿನ ಕೊಟ್ಟ ಇಂಜೆಕ್ಷನ್ ಜಿ-ಸಿಎಸ್‌ಎಫ್ ಆಗಿರಬೇಕು. ಅದು ಆಕರಕೋಶದ ಗ್ರಾಹಕವನ್ನು ನೇರವಾಗಿ ಮುಟ್ಟುವುದಿಲ್ಲ. ಮಜ್ಜೆಯಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಉತ್ಪಾದನೆಯನ್ನು ಹೆಚ್ಚಿಸಿ, ಅವುಗಳಿಂದ ಹೊಮ್ಮುವ ಕಿಣ್ವಗಳ ಮೂಲಕವೂ ಆಧಾರಕೋಶಗಳ ಸ್ರಾವವನ್ನು ತಗ್ಗಿಸುವುದರ ಮೂಲಕವೂ ಸಿಎಕ್ಸ್‌ಸಿಎಲ್-12ರ ಮಟ್ಟವನ್ನು ಕ್ರಮೇಣ ಇಳಿಸುತ್ತದೆ. ಸುತ್ತು ದಾರಿಯಾದ್ದರಿಂದ ಇದಕ್ಕೆ ನಾಲ್ಕೈದು ದಿನ ಹಿಡಿಯುತ್ತದೆ. ಹಿಂದೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ, ಕೀಮೋಥೆರಪಿಯ ಹಲವು ಸುತ್ತುಗಳನ್ನು ದಾಟಿದವರಲ್ಲಿ, ಲೆನಾಲಿಡೊಮೈಡ್ ಮಾತ್ರೆಯನ್ನು ದೀರ್ಘಕಾಲ ತೆಗೆದುಕೊಂಡವರಲ್ಲಿ ಮತ್ತು ವಯಸ್ಸಾದವರಲ್ಲಿ ಇಷ್ಟಾದರೂ ಕೋಶಗಳು ಸಾಕಷ್ಟು ಹೊರಬರದಿರುವುದುಂಟು. ಪ್ಲೆರಿಕ್ಸಾಫೋರ್ ಸುತ್ತು ದಾರಿ ಹಿಡಿಯುವುದಿಲ್ಲ. ಅದು ಗ್ರಾಹಕದ ಕುಳಿಯಲ್ಲೇ ಹೋಗಿ ಕುಳಿತು ಸಿಎಕ್ಸ್‌ಸಿಎಲ್-12ಕ್ಕೆ ಎಡೆಯಿಲ್ಲದಂತೆ ಮಾಡುತ್ತದೆ. ಹಿಡಿತ ತಪ್ಪಿದ ಕೋಶಗಳು ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಬರುತ್ತವೆ. ಬೆಳಿಗ್ಗೆ, ರಕ್ತದಿಂದ ಈ ಕೋಶಗಳನ್ನು ಬೇರ್ಪಡಿಸಿ ಸಂಗ್ರಹಿಸುವ ಅಫೆರೆಸಿಸ್ ಯಂತ್ರಕ್ಕೆ ಜೋಡಿಸುವ ಸುಮಾರು 11 ಗಂಟೆ ಮುಂಚೆ ಇಂಜೆಕ್ಷನ್ ಕೊಡುವ ಕ್ರಮವಿರುವುದರಿಂದಲೇ ನಿಮ್ಮ ತಂದೆಯವರಿಗೆ ಅದನ್ನು ರಾತ್ರಿಯ ಹೊತ್ತು ಕೊಟ್ಟದ್ದು. ವಾಡಿಕೆಯ ಪ್ರಮಾಣ ದೇಹತೂಕದ ಪ್ರತಿ ಕಿಲೋಗ್ರಾಂಗೆ 0.24 ಮಿಲಿಗ್ರಾಂ, ಚರ್ಮದಡಿಗೆ. ಮೂತ್ರಪಿಂಡದ ಕೆಲಸ ಅರ್ಧಕ್ಕಿಂತ ಕುಗ್ಗಿದ್ದರೆ 0.16 ಮಿಲಿಗ್ರಾಂಗೆ ಇಳಿಸುತ್ತಾರೆ. ಮೈಲೋಮಾ ರೋಗಿಗಳಲ್ಲಿ ಮೂತ್ರಪಿಂಡದ ತೊಂದರೆ ಅಪರೂಪವಲ್ಲವಾದ್ದರಿಂದ ಈ ಎರಡನೆಯ ಅಂಕಿಯನ್ನೂ ಇಲ್ಲಿ ಹೇಳಿದ್ದೇನೆ.

ಆಸ್ಪತ್ರೆಯಲ್ಲಿ ಹೇಳುವ ಕೌಂಟ್ ಎಂದರೆ ಸಿಡಿ-34 ಎಂಬ ಮತ್ತೊಂದು ಮೇಲ್ಮೈ ಪ್ರೋಟೀನ್ ಇರುವ ಕೋಶಗಳ ಎಣಿಕೆ. ಇದು ಕೇವಲ ಗುರುತು. ಔಷಧಿ ತಡೆಯುವ ಪ್ರೋಟೀನ್ ಇದಲ್ಲ. ಸಿಡಿ-34 ಇರುವ ಕೋಶಗಳೆಲ್ಲ ನಿಜವಾದ ಆಕರಕೋಶಗಳೂ ಅಲ್ಲ. ಬಹುಪಾಲು ಅವುಗಳ ಮುಂದಿನ ತಲೆಮಾರಿನವು. ಆದರೂ ಈ ಎಣಿಕೆ ಕಸಿಯ ಯಶಸ್ಸನ್ನು ಸಾಕಷ್ಟು ಚೆನ್ನಾಗಿ ಮುಂಗಾಣಿಸುವುದರಿಂದ ಎಲ್ಲೆಡೆ ಇದನ್ನೇ ಬಳಸುತ್ತಾರೆ. ಸಾಮಾನ್ಯವಾಗಿ ಪ್ರತಿ ಕಿಲೋಗ್ರಾಂ ತೂಕಕ್ಕೆ ಕನಿಷ್ಠ 20 ಲಕ್ಷ ಅಂಥ ಕೋಶಗಳು ಬೇಕು. ಅದಕ್ಕಿಂತ ಹೆಚ್ಚು ಸಿಕ್ಕಷ್ಟೂ ಒಳ್ಳೆಯದು.

ಕೊನೆಯ ಅನುಮಾನಕ್ಕೆ ಬರೋಣ. ಮೈಲೋಮಾ ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಎರಡು ಅಥವಾ ಅದಕ್ಕಿಂತ ಕಡಿಮೆ ಸಂಗ್ರಹಣೆಗಳಲ್ಲಿ ಪ್ರತಿ ಕಿಲೋಗ್ರಾಂಗೆ 60 ಲಕ್ಷ ಕೋಶಗಳನ್ನು ಮುಟ್ಟಿದವರು ಪ್ಲೆರಿಕ್ಸಾಫೋರ್ ಸೇರಿಸಿದ ಗುಂಪಿನಲ್ಲಿ ಶೇ. 71.6, ಜಿ-ಸಿಎಸ್‌ಎಫ್ ಮಾತ್ರ ಪಡೆದ ಗುಂಪಿನಲ್ಲಿ ಶೇ. 34.4. ಕಸಿಯ ನಂತರ ನ್ಯೂಟ್ರೋಫಿಲ್‌ಗಳು ಮರಳಲು ಹಿಡಿದ ಕಾಲ ಎರಡೂ ಗುಂಪುಗಳಲ್ಲಿ ಮಧ್ಯಮವಾಗಿ 11 ದಿನ, ಪ್ಲೇಟ್‌ಲೆಟ್‌ಗಳಿಗೆ 18 ದಿನ. ಅಂದರೆ ಕೋಶಗಳ ಗುಣದಲ್ಲಿ ಕೊರತೆ ಕಾಣಲಿಲ್ಲ. ಔಷಧಿಯ ಪರಿಣಾಮವೂ ತಾತ್ಕಾಲಿಕ. ಮೂರರಿಂದ ಐದು ಗಂಟೆಗಳಲ್ಲಿ ಅದರ ಅರ್ಧಭಾಗ ರಕ್ತದಿಂದ ಹೊರಹೋಗಿರುತ್ತದೆ. ಇದು ಒಳ್ಳೆಯದೇ ಆಯಿತು, ಏಕೆಂದರೆ ಹೆಪ್ಪುಗಟ್ಟಿಸಿಟ್ಟ ಕೋಶಗಳನ್ನು ಮುಂದೆ ರಕ್ತನಾಳಕ್ಕೆ ಹಾಕಿದಾಗ ಅವು ಮಜ್ಜೆಯ ದಾರಿ ಹುಡುಕಿಕೊಳ್ಳಲು ನೆರವಾಗುವುದೂ ಇದೇ ಸಿಎಕ್ಸ್‌ಸಿಆರ್-4. ತಡೆ ಶಾಶ್ವತವಾಗಿದ್ದರೆ ಕೋಶಗಳನ್ನು ಹೊರತರಬಹುದಿತ್ತು, ಮರಳಿ ಮನೆ ಸೇರಿಸುವುದು ಕಷ್ಟವಾಗುತ್ತಿತ್ತು.

ಭೇದಿ, ವಾಕರಿಕೆ, ಆಯಾಸ, ತಲೆಸುತ್ತು, ಚುಚ್ಚಿದ ಜಾಗದಲ್ಲಿ ಕೆಂಪಾಗುವುದು ಸಾಮಾನ್ಯ. ಎಡ ಹೊಟ್ಟೆಯ ಮೇಲ್ಭಾಗದಲ್ಲಿ ಅಥವಾ ಎಡ ಭುಜದಲ್ಲಿ ನೋವು ಕಾಣಿಸಿದರೆ ಮಾತ್ರ ತಡಮಾಡದೆ ವೈದ್ಯರಿಗೆ ತಿಳಿಸಬೇಕು; ಗುಲ್ಮ ಹಿಗ್ಗಿರಬಹುದು.

ಪ್ರಶ್ನೆ: ಈ ಔಷಧಿಯನ್ನು ಮೊದಲು ಎಚ್‌ಐವಿಗಾಗಿ ತಯಾರಿಸಿದ್ದರೆಂದು ನಮ್ಮ ಪ್ರಾಧ್ಯಾಪಕರು ಪಾಠದ ನಡುವೆ ಹೇಳಿದರು. ವೈರಸ್ಸಿಗೂ ಸ್ಟೆಮ್ ಸೆಲ್‌ಗೂ ಎಲ್ಲಿಯ ಸಂಬಂಧ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಪ್ರಾಧ್ಯಾಪಕರು ಹೇಳಿದ್ದು ನಿಜ. ಕಥೆ ಬೆಲ್ಜಿಯಂನ ಲ್ಯೂವೆನ್ ನಗರದಲ್ಲಿ, ಎರಿಕ್ ಡಿ ಕ್ಲರ್ಕ್ ಅವರ ತಂಡವಿದ್ದ ರೇಗಾ ಸಂಸ್ಥೆಯಲ್ಲಿ ಆರಂಭವಾಗುತ್ತದೆ. ಜಾನ್ಸನ್ ಮ್ಯಾಥಿ ಕಂಪನಿ ಕಳಿಸಿದ್ದ ಸೈಕ್ಲಾಮ್ ಎಂಬ ಉಂಗುರಾಕಾರದ ರಾಸಾಯನಿಕದ ಮಾದರಿಗಳನ್ನು ಅಲ್ಲಿ ಎಚ್‌ಐವಿ ವಿರುದ್ಧ ಪರೀಕ್ಷಿಸುತ್ತಿದ್ದಾಗ ಒಂದು ಮಾದರಿ ಕೆಲಸ ಮಾಡಿತು. ಆದರೆ ಕೆಲಸ ಮಾಡಿದ್ದು ಸೈಕ್ಲಾಮ್ ಅಲ್ಲ, ಅದರಲ್ಲಿ ಬೆರೆತಿದ್ದ ಕಲ್ಮಶ. ಎರಡು ಸೈಕ್ಲಾಮ್ ಉಂಗುರಗಳು ಪರಸ್ಪರ ಅಂಟಿಕೊಂಡಿದ್ದ ಅಣು. ಆ ಅಣುವನ್ನೇ ಮತ್ತೆ ತಯಾರಿಸಲು ಸಾಧ್ಯವಾಗದೆ, ರಸಾಯನಶಾಸ್ತ್ರಜ್ಞರು ಎರಡು ಉಂಗುರಗಳನ್ನು ಬೇರೆ ಬೇರೆ ಸೇತುವೆಗಳಿಂದ ಜೋಡಿಸಿ ನೋಡಿದರು. ಬೆಂಜೀನ್ ಉಂಗುರವುಳ್ಳ ಸೇತುವೆಯಿಂದ ಜೋಡಿಸಿದ ಅಣು ಹಿಂದಿನ ಅಣುವಿಗಿಂತ ನೂರು ಪಟ್ಟಿಗೂ ಹೆಚ್ಚು ಪ್ರಬಲವಾಯಿತು. 1994ರಲ್ಲಿ ಪ್ರಕಟವಾದ ಆ ಅಣುವೇ ಇಂದಿನ ಪ್ಲೆರಿಕ್ಸಾಫೋರ್.

ಅದು ವೈರಸ್ಸಿನ ಯಾವ ಭಾಗವನ್ನು ತಡೆಯುತ್ತದೆಂಬುದು ಮಾತ್ರ ಕೆಲವು ವರ್ಷ ತಿಳಿಯಲಿಲ್ಲ. ಔಷಧಿಗೆ ಬಗ್ಗದ ವೈರಸ್ಸುಗಳನ್ನು ಬೆಳೆಸಿ ನೋಡಿದಾಗ ಬದಲಾವಣೆಗಳು ವೈರಸ್ಸಿನ ಹೊರಕವಚದ ಜಿಪಿ-120 ಪ್ರೋಟೀನಿನಲ್ಲಿ ಕಂಡುಬಂದುದರಿಂದ ಔಷಧಿಯ ಗುರಿ ಅದೇ ಇರಬೇಕೆಂದು ಊಹಿಸಿದ್ದರು. 1996ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಎಡ್ವರ್ಡ್ ಬರ್ಗರ್ ಅವರ ತಂಡವು, ಎಚ್‌ಐವಿಯ ಕೆಲವು ಬಗೆಗಳು ಜೀವಕೋಶದೊಳಗೆ ನುಗ್ಗಲು ಸಿಡಿ-4 ಎಂಬ ಮೇಲ್ಮೈ ಪ್ರೋಟೀನ್ ಒಂದೇ ಸಾಲದೆಂದೂ ಮತ್ತೊಂದು ಮೇಲ್ಮೈ ಪ್ರೋಟೀನ್ ಬೇಕೆಂದೂ ತೋರಿಸಿತು. ಆ ಎರಡನೆಯ ಪ್ರೋಟೀನೇ ಸಿಎಕ್ಸ್‌ಸಿಆರ್-4. ಮರುವರ್ಷವೇ ಲ್ಯೂವೆನ್‌ನ ತಂಡ ತಮ್ಮ ಅಣುವಿನ ಗುರಿ ಇದೇ ಎಂದು ಸಾಬೀತುಪಡಿಸಿತು. ವೈರಸ್ಸಿನ ಔಷಧಿ ಎಂದುಕೊಂಡಿದ್ದದ್ದು ವಾಸ್ತವವಾಗಿ ಮನುಷ್ಯನ ಕೋಶದ ಬಾಗಿಲನ್ನು ಮುಚ್ಚುತ್ತಿತ್ತು. ವೈರಸ್ಸು ತನ್ನ ಕವಚವನ್ನು ಬದಲಿಸಿಕೊಂಡದ್ದು ಮುಚ್ಚಿದ ಬಾಗಿಲಿಗೆ ಹೊಂದಿಕೊಳ್ಳಲು.

ಎಚ್‌ಐವಿ ಔಷಧಿಯಾಗಿ ಅದು ಮುಂದೆ ಸಾಗಲಿಲ್ಲ. ಬಾಯಿಯ ಮೂಲಕ ಕೊಟ್ಟರೆ ದೇಹ ಹೀರಿಕೊಳ್ಳದ ಕಾರಣ ಹಲವು ದಿನ ಸತತವಾಗಿ ರಕ್ತನಾಳಕ್ಕೆ ಹನಿಸಬೇಕಾಗಿತ್ತು, ಮತ್ತು ಹೆಚ್ಚಿನ ಸೋಂಕಿತರಲ್ಲಿರುವ ವೈರಸ್ಸು ಸಿಸಿಆರ್-5 ಎಂಬ ಇನ್ನೊಂದು ಬಾಗಿಲನ್ನು ಬಳಸುವುದರಿಂದ ಪ್ರಯೋಗದಲ್ಲಿ ವೈರಸ್ಸಿನ ಪ್ರಮಾಣ ಬಹುತೇಕರಲ್ಲಿ ಇಳಿಯಲೇ ಇಲ್ಲ. (ಆ ಇನ್ನೊಂದು ಬಾಗಿಲನ್ನು ಮುಚ್ಚುವ ಮರಾವಿರಾಕ್ ಎಂಬ ಮಾತ್ರೆ 2007ರಲ್ಲಿ ಮಾರುಕಟ್ಟೆಗೆ ಬಂತು, ಅದೂ ಸಣ್ಣ ಅಣುವೇ.) ಆದರೆ ಇದಕ್ಕೂ ಮುಂಚೆ ಆರೋಗ್ಯವಂತ ಸ್ವಯಂಸೇವಕರಿಗೆ ಔಷಧಿ ಕೊಟ್ಟು ಸುರಕ್ಷತೆಯನ್ನು ಅಳೆಯುತ್ತಿದ್ದಾಗ ಅವರ ಬಿಳಿ ರಕ್ತಕಣಗಳ ಎಣಿಕೆ ಒಂದೂವರೆಯಿಂದ ಮೂರು ಪಟ್ಟು ಏರಿತ್ತು. 2000ದಲ್ಲಿ ಪ್ರಕಟವಾದ ವರದಿಯಲ್ಲಿ ಇದು ಒಂದು ಅನಪೇಕ್ಷಿತ ಪರಿಣಾಮವಾಗಿ ದಾಖಲಾಗಿದೆ.

ನನಗೆ ಈ ಇತಿಹಾಸದಲ್ಲಿ ಹೆಚ್ಚು ಮೆಚ್ಚುಗೆಯಾಗುವುದು ಇಲ್ಲಿಯ ತಿರುವು. ಇದನ್ನು ಅದೃಷ್ಟವೆಂದು ಬಣ್ಣಿಸುವುದು ರೂಢಿ, ಆದರೆ ಆ ಮಾತು ಅರ್ಧಸತ್ಯ. ಬಿಳಿ ರಕ್ತಕಣಗಳು ಏರಿದ್ದನ್ನು ಸೋಂಕಿನ ಅಥವಾ ಉರಿಯೂತದ ಲಕ್ಷಣವೆಂದು ಪಕ್ಕಕ್ಕಿಡಬಹುದಿತ್ತು. ಹಾಗೆ ಮಾಡದೆ, ಸಿಎಕ್ಸ್‌ಸಿಆರ್-4 ಇಲ್ಲದ ಇಲಿಗಳ ಮಜ್ಜೆ ಬರಿದಾಗಿರುತ್ತದೆಂಬ ಆಗಷ್ಟೇ ಬಂದಿದ್ದ ತಿಳಿವಳಿಕೆಯ ಪಕ್ಕದಲ್ಲಿ ಈ ಅಂಕಿಯನ್ನಿಟ್ಟು, ಬಿಳಿ ಕಣಗಳ ಜೊತೆಯಲ್ಲಿ ಆಕರಕೋಶಗಳೂ ಹೊರಬರುತ್ತಿವೆಯೇ ಎಂದು ಎಣಿಸಿ ನೋಡಿದರು. ಬರುತ್ತಿದ್ದವು. ಸ್ವಯಂಸೇವಕರ ಮೇಲಿನ ಆ ಅಧ್ಯಯನ 2003ರಲ್ಲಿಯೂ, ಹಾಗೆ ಹೊರಬಂದ ಕೋಶಗಳು ದೀರ್ಘಕಾಲ ರಕ್ತ ಉತ್ಪಾದಿಸಬಲ್ಲವೆಂದು ತೋರಿಸಿದ ಇಂಡಿಯಾನಾದ ಹ್ಯಾಲ್ ಬ್ರಾಕ್ಸ್‌ಮೇಯರ್ ಮತ್ತು ಸಂಗಡಿಗರ ಪ್ರಬಂಧ 2005ರಲ್ಲಿಯೂ ಪ್ರಕಟವಾದವು. ಅಷ್ಟರಲ್ಲಿ ಅಣುವಿನ ಒಡೆತನ ಕೆನಡಾದ ಆನಾರ್ಮೆಡ್ ಕಂಪನಿಯ ಕೈಯಲ್ಲಿತ್ತು. ಅದನ್ನು 2006ರಲ್ಲಿ ಜೆನ್‌ಜೈಮ್ ಕೊಂಡುಕೊಂಡಿತು. 2008ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಮೈಲೋಮಾ ಮತ್ತು ನಾನ್-ಹಾಡ್ಜ್‌ಕಿನ್ ಲಿಂಫೋಮಾ ಎಂಬ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್ ಇರುವ ರೋಗಿಗಳಿಗಾಗಿ, ಜಿ-ಸಿಎಸ್‌ಎಫ್ ಜೊತೆಯಲ್ಲಿ ಬಳಸಲು, ಇದಕ್ಕೆ ಅನುಮತಿ ನೀಡಿತು.

ಪ್ರಶ್ನೆ: ಈ ಕಾಲದಲ್ಲಿ ಎಲ್ಲದಕ್ಕೂ ಪ್ರತಿಕಾಯಗಳನ್ನು, ಅಂದರೆ ಆಂಟಿಬಾಡಿಗಳನ್ನು, ಬಳಸುತ್ತಾರೆ. ಇಲ್ಲಿ ಸಣ್ಣ ಅಣುವೇ ಏಕೆ? ಮತ್ತು ಸಣ್ಣ ಅಣುವಾಗಿದ್ದರೂ ಮಾತ್ರೆಯಾಗಿ ಏಕೆ ನುಂಗಲಾಗುವುದಿಲ್ಲ?
— ಔಷಧ ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ಗಾತ್ರದ ಅಂದಾಜು ಮೊದಲು. ಆಸ್ಪಿರಿನ್ ಅಣುವಿನ ತೂಕ ಸುಮಾರು 180 ಡಾಲ್ಟನ್, ಪ್ಲೆರಿಕ್ಸಾಫೋರಿನದು ಸುಮಾರು 503, ಒಂದು ಪ್ರತಿಕಾಯದ್ದು ಒಂದೂವರೆ ಲಕ್ಷದ ಆಸುಪಾಸು. ಸಿಎಕ್ಸ್‌ಸಿಆರ್-4 ಎನ್ನುವುದು 352 ಅಮೈನೋ ಆಮ್ಲಗಳ ಸರಪಳಿ; ಕೋಶದ ಪೊರೆಯನ್ನು ಏಳು ಸಲ ದಾಟಿ, ನಡುವೆ ಹೊರಗಡೆಗೆ ತೆರೆದ ಒಂದು ಕುಳಿಯನ್ನು ಮಾಡಿಕೊಂಡಿರುತ್ತದೆ. ಆ ಕುಳಿಯ ಗೋಡೆಯಲ್ಲಿ ಋಣ ವಿದ್ಯುದಾವೇಶವುಳ್ಳ ಆಮ್ಲಗಳಿವೆ. ಪ್ಲೆರಿಕ್ಸಾಫೋರಿನ ಎರಡು ಉಂಗುರಗಳಲ್ಲಿ ತಲಾ ನಾಲ್ಕರಂತೆ ಎಂಟು ನೈಟ್ರೋಜನ್ ಪರಮಾಣುಗಳಿದ್ದು, ದೇಹದ್ರವದಲ್ಲಿ ಅವುಗಳಲ್ಲಿ ಕೆಲವು ಧನ ಆವೇಶವನ್ನು ಹೊರುತ್ತವೆ. ಋಣಕ್ಕೆ ಧನ ಅಂಟುತ್ತದೆ. 171 ಮತ್ತು 262ನೆಯ ಸ್ಥಾನಗಳ ಆಸ್ಪಾರ್ಟಿಕ್ ಆಮ್ಲ, 288ನೆಯ ಸ್ಥಾನದ ಗ್ಲುಟಾಮಿಕ್ ಆಮ್ಲ, ಇವನ್ನು ಬದಲಿಸಿದರೆ ಔಷಧಿಯ ಹಿಡಿತ ಕುಸಿಯುತ್ತದೆಂದು ಪ್ರಯೋಗಗಳು ತೋರಿಸಿವೆ. ಗ್ರಾಹಕದ ಸ್ಫಟಿಕ ರಚನೆ 2010ರಲ್ಲಿ ಪ್ರಕಟವಾದ ಮೇಲೆ ಈ ಕುಳಿಯ ಆಕಾರ ಕಣ್ಣಿಗೆ ಕಟ್ಟುವಂತೆ ಸ್ಪಷ್ಟವಾಯಿತು. ಆ ರಚನೆಯಲ್ಲಿ ಕುಳಿತಿದ್ದ ಸಣ್ಣ ಅಣು ಮಾತ್ರ ಬೇರೆಯದು.

ಅಂಟಿಸುವ ಆ ಆವೇಶವೇ ಕರುಳಿನಲ್ಲಿ ತೊಡಕಾಗುತ್ತದೆ. ಇಷ್ಟೊಂದು ಧನ ಆವೇಶ ಹೊತ್ತ ಅಣು ಕರುಳಿನ ಕೊಬ್ಬಿನ ಪೊರೆಯನ್ನು ದಾಟಲಾರದು. ಆದ್ದರಿಂದ ಇಂಜೆಕ್ಷನ್. ಪ್ರತಿಕಾಯವನ್ನು ಬಳಸಬಾರದೆಂಬ ನಿಯಮವೇನಿಲ್ಲ, ಆದರೆ ಅದು ರಕ್ತದಲ್ಲಿ ವಾರಗಟ್ಟಲೆ ಉಳಿಯುತ್ತದೆ. ಒಂದು ರಾತ್ರಿಯ ಮಟ್ಟಿಗೆ ಮಾತ್ರ ಹಿಡಿತವನ್ನು ಸಡಿಲಿಸಬೇಕಾದ ಕಡೆ ಬೇಗನೆ ಬಂದು ಬೇಗನೆ ಹೋಗುವ ಅಣು ಹೆಚ್ಚು ಅನುಕೂಲ. ಇವೆರಡರ ನಡುವಿನ ಗಾತ್ರದ ಮೋಟಿಕ್ಸಾಫೋರ್ಟೈಡ್ ಎಂಬ ಪೆಪ್ಟೈಡ್ ಔಷಧಿಗೂ 2023ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಮೈಲೋಮಾ ರೋಗಿಗಳಿಗಾಗಿ ಅನುಮತಿ ದೊರೆತಿದೆ.

ಪ್ರಶ್ನೆ: ನಮ್ಮ ಪ್ರಯೋಗಾಲಯದಲ್ಲಿ ಕೋಶಗಳ ಚಲನೆಯನ್ನು ಅಭ್ಯಸಿಸಲು ಎಎಂಡಿ-3100 ಬಳಸುತ್ತಿದ್ದೇವೆ. ಅದನ್ನು ಸೇರಿಸಿದಾಗ ಚಲನೆ ನಿಂತರೆ, ಕಾರಣ ಸಿಎಕ್ಸ್‌ಸಿಆರ್-4 ಎಂದು ನಿಶ್ಚಯಿಸಬಹುದೇ?
— ಸಂಶೋಧನಾ ವಿದ್ಯಾರ್ಥಿ, ಮಂಗಳೂರು

ಉತ್ತರ: ಅಷ್ಟರಿಂದಲೇ ನಿಶ್ಚಯಿಸಲಾಗದು. ಈ ಅಣು ಸಿಎಕ್ಸ್‌ಸಿಆರ್-4ರ ಬಗ್ಗೆ ಸಾಕಷ್ಟು ನಿಷ್ಠೆಯುಳ್ಳದ್ದಾದರೂ ಪ್ರಮಾಣ ಹೆಚ್ಚಿದಂತೆ ನಿಷ್ಠೆ ಸಡಿಲವಾಗುತ್ತದೆ. ಸಿಎಕ್ಸ್‌ಸಿಎಲ್-12ನ್ನೇ ಹಿಡಿಯುವ ಎಸಿಕೆಆರ್-3 ಎಂಬ ಇನ್ನೊಂದು ಗ್ರಾಹಕವಿದೆ. ಹಳೆಯ ಪ್ರಬಂಧಗಳಲ್ಲಿ ಅದರ ಹೆಸರು ಸಿಎಕ್ಸ್‌ಸಿಆರ್-7. ಹೆಚ್ಚಿನ ಸಾಂದ್ರತೆಯಲ್ಲಿ ಎಎಂಡಿ-3100 ಆ ಗ್ರಾಹಕವನ್ನು ತಡೆಯುವ ಬದಲು ಪ್ರಚೋದಿಸುತ್ತದೆಂದು 2009ರಲ್ಲಿ ವರದಿಯಾಗಿದೆ. ನಿಮ್ಮ ಕೋಶಗಳಲ್ಲಿ ಎರಡೂ ಗ್ರಾಹಕಗಳಿದ್ದರೆ ಒಂದೇ ಬಾಟಲಿಯ ದ್ರವದಿಂದ ಎರಡು ವಿರುದ್ಧ ಕೆಲಸಗಳು ನಡೆಯುತ್ತಿರಬಹುದು.

ಆದ್ದರಿಂದ ಒಂದೇ ಸಾಂದ್ರತೆಯಲ್ಲಿ ಹೌದು ಅಥವಾ ಇಲ್ಲ ಎಂದು ನೋಡುವ ಬದಲು, ಕಡಿಮೆಯಿಂದ ಹೆಚ್ಚಿನವರೆಗೆ ಹಲವು ಸಾಂದ್ರತೆಗಳಲ್ಲಿ ಅಳೆದು, ಪರಿಣಾಮದ ರೇಖೆ ಈ ಗ್ರಾಹಕಕ್ಕೆ ತಿಳಿದಿರುವ ಮಟ್ಟದಲ್ಲೇ ಬಾಗುತ್ತದೆಯೇ ಎಂದು ನೋಡಿ. ರಚನೆಯಲ್ಲಿ ಸಂಬಂಧವಿಲ್ಲದ ಮತ್ತೊಂದು ತಡೆಕಾರಕದಿಂದಲೂ ಅದೇ ಫಲ ಬರಬೇಕು. ಜೀನನ್ನೇ ಮೌನಗೊಳಿಸಿದ ಕೋಶಗಳಲ್ಲಿ ಔಷಧಿ ಹೆಚ್ಚುವರಿಯಾಗಿ ಏನನ್ನೂ ಮಾಡಬಾರದು. ಮಾಡಿದರೆ ಅದು ಬೇರೆಲ್ಲೋ ಅಂಟುತ್ತಿದೆ ಎಂದರ್ಥ. ಸೈಕ್ಲಾಮ್ ಉಂಗುರವು ತಾಮ್ರ, ಸತು, ನಿಕ್ಕಲ್ ಮುಂತಾದ ಲೋಹಗಳ ಅಯಾನುಗಳನ್ನು ನಡುವೆ ಹಿಡಿದುಕೊಳ್ಳುತ್ತದೆಂಬುದನ್ನೂ, ಲೋಹ ಸೇರಿದಾಗ ಗ್ರಾಹಕದ ಮೇಲಿನ ಅದರ ಹಿಡಿತ ಬದಲಾಗುತ್ತದೆಂಬುದನ್ನೂ ಮರೆಯಬೇಡಿ. ಪೋಷಕ ದ್ರಾವಣವನ್ನು ಬದಲಿಸಿದಾಗ ಫಲಿತಾಂಶ ಏರುಪೇರಾದರೆ ಹುಡುಕಬೇಕಾದ ಕಡೆಗಳಲ್ಲಿ ಇದೂ ಒಂದು.

ಇನ್ನೊಂದು ಮಾತು. ಆಕರಕೋಶಗಳನ್ನು ಮಜ್ಜೆಯಲ್ಲಿ ಹಿಡಿದಿಡುವ ಮೇಲ್ಮೈ ಪ್ರೋಟೀನ್ ಇದೊಂದೇ ಅಲ್ಲ. ಆಕರಕೋಶದ ಮೇಲಿನ ವಿಎಲ್ಎ-4 ಎಂಬ ಇಂಟಿಗ್ರಿನ್, ಅಂದರೆ ಅಂಟಿಸುವ ಪ್ರೋಟೀನ್, ಆಧಾರಕೋಶಗಳ ಮೇಲಿರುವ ವಿಕ್ಯಾಮ್-1 ಎಂಬ ಪ್ರೋಟೀನನ್ನು ನೇರವಾಗಿ ಹಿಡಿದುಕೊಳ್ಳುತ್ತದೆ. ಅದನ್ನು ತಡೆಯುವ ನಟಾಲಿಝುಮಾಬ್ ಎಂಬ ಪ್ರತಿಕಾಯವನ್ನು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಸಂಬಂಧಿ ಕಾಯಿಲೆಯ ರೋಗಿಗಳಿಗೆ ಕೊಟ್ಟಾಗ ಅವರ ರಕ್ತದಲ್ಲಿಯೂ ಸಿಡಿ-34 ಕೋಶಗಳು ಹೆಚ್ಚಾದವು. ಬಿಐಒ-5192 ಎಂಬ ಸಣ್ಣ ಅಣು ಇಲಿಗಳಲ್ಲಿ ಇದೇ ಕೆಲಸವನ್ನು ಮಾಡುತ್ತದೆ, ಪ್ಲೆರಿಕ್ಸಾಫೋರ್ ಜೊತೆಗೆ ಕೊಟ್ಟರೆ ಇನ್ನೂ ಹೆಚ್ಚು. ಇಲಿಗಳ ಮೇಲೆ ಕೆಲಸ ಮಾಡುವುದಾದರೆ ಹೊತ್ತನ್ನೂ ಬರೆದಿಟ್ಟುಕೊಳ್ಳಿ. ಪಾಲ್ ಫ್ರೆನೆಟ್ ಅವರ ತಂಡ 2008ರಲ್ಲಿ ತೋರಿಸಿದಂತೆ, ಮಜ್ಜೆಯ ಸಿಎಕ್ಸ್‌ಸಿಎಲ್-12 ನರಗಳ ಹತೋಟಿಯಲ್ಲಿದ್ದು ದಿನದ ಲಯಕ್ಕೆ ತಕ್ಕಂತೆ ಏರಿಳಿಯುತ್ತದೆ. ಒಂದು ಗುಂಪಿನ ರಕ್ತವನ್ನು ಬೆಳಿಗ್ಗೆಯೂ ಇನ್ನೊಂದರದನ್ನು ಸಂಜೆಯೂ ತೆಗೆದರೆ, ಔಷಧಿಯೇ ಇಲ್ಲದೆ ವ್ಯತ್ಯಾಸ ಕಂಡೀತು.

ಪ್ರಶ್ನೆ: ಒಂದು ಇಂಜೆಕ್ಷನ್ನಿನಿಂದ ನಮ್ಮದೇ ಸ್ಟೆಮ್ ಸೆಲ್‌ಗಳನ್ನು ರಕ್ತಕ್ಕೆ ಬಿಡುಗಡೆ ಮಾಡಿ ಮಂಡಿನೋವು, ಸಕ್ಕರೆ ಕಾಯಿಲೆ, ಮುಪ್ಪು ಎಲ್ಲವನ್ನೂ ವಾಸಿ ಮಾಡುತ್ತೇವೆಂಬ ಜಾಹೀರಾತನ್ನು ನೋಡಿದೆ. ಅದು ಇದೇ ಔಷಧಿಯೇ? ನನ್ನಂಥ ನಿವೃತ್ತರು ಪ್ರಯತ್ನಿಸಬಹುದೇ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ತುಮಕೂರು

ಉತ್ತರ: ಆ ಜಾಹೀರಾತಿನಲ್ಲಿ ಯಾವ ಔಷಧಿಯನ್ನು ಹೇಳಿದ್ದಾರೋ, ಉತ್ತರ ಒಂದೇ: ಬೇಡ. ಪ್ಲೆರಿಕ್ಸಾಫೋರ್ ಹೊರತರುವುದು ರಕ್ತವನ್ನು ಉತ್ಪಾದಿಸುವ ಕೋಶಗಳನ್ನು. ಅವು ಮಂಡಿಯ ಮೃದ್ವಸ್ಥಿಯಾಗಿ ಬೆಳೆಯುವುದಿಲ್ಲ, ಇನ್ಸುಲಿನ್ ಸ್ರವಿಸುವ ಕೋಶಗಳಾಗುವುದೂ ಇಲ್ಲ. ಯಂತ್ರದಿಂದ ಸಂಗ್ರಹಿಸದಿದ್ದರೆ ಕೆಲವು ಗಂಟೆ ರಕ್ತದಲ್ಲಿ ಸುತ್ತಾಡಿ, ಔಷಧಿ ಇಳಿದ ಮೇಲೆ ಬಹುಪಾಲು ಬಂದಲ್ಲಿಗೇ ಮರಳುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯ ಪ್ರಕಾರ ನಮ್ಮ ದೇಶದಲ್ಲಿ ರೂಢಿಯ ಚಿಕಿತ್ಸೆಯಾಗಿ ಒಪ್ಪಿತವಾದದ್ದು ರಕ್ತ ಸಂಬಂಧಿ ಕಾಯಿಲೆಗಳಿಗೆ ಮಾಡುವ ರಕ್ತದ ಆಕರಕೋಶಗಳ ಕಸಿ. ಉಳಿದದ್ದೆಲ್ಲ ಅನುಮತಿ ಪಡೆದ ಪ್ರಯೋಗವಾಗಿ ನಡೆಯಬೇಕು, ಮತ್ತು ಪ್ರಯೋಗಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಪ್ರಶ್ನೆ: ನಮ್ಮ ತಾಲ್ಲೂಕಿನ ಹಾಡಿಗಳಲ್ಲಿ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತರೋಗ ಇರುವ ಮಕ್ಕಳಿದ್ದಾರೆ. ಜೀನ್ ಚಿಕಿತ್ಸೆಯ ಸುದ್ದಿಯಲ್ಲಿ ಪ್ಲೆರಿಕ್ಸಾಫೋರ್ ಹೆಸರನ್ನು ಓದಿದೆ. ಅಲ್ಲಿ ಅದರ ಪಾತ್ರವೇನು?
— ಆರೋಗ್ಯ ಕಾರ್ಯಕರ್ತೆ, ಹೆಗ್ಗಡದೇವನಕೋಟೆ

ಉತ್ತರ: ಪಾತ್ರ ದೊಡ್ಡದು, ಮತ್ತು ಅದಕ್ಕೆ ಕಾರಣ ಇನ್ನೊಂದು ಔಷಧಿಯ ಅಪಾಯ. ಜೀನ್ ಚಿಕಿತ್ಸೆ ಮಾಡಬೇಕಾದರೆ ಮೊದಲು ರೋಗಿಯ ಆಕರಕೋಶಗಳನ್ನು ಹೊರತೆಗೆಯಬೇಕು. ಬೇರೆಯವರಿಗೆ ವಾಡಿಕೆಯಾಗಿ ಕೊಡುವ ಜಿ-ಸಿಎಸ್‌ಎಫ್‌ಅನ್ನು ಸಿಕಲ್ ಸೆಲ್ ರೋಗಿಗಳಿಗೆ ಕೊಡುವಂತಿಲ್ಲ. ಬಿಳಿ ರಕ್ತಕಣಗಳು ಬಹಳವಾಗಿ ಏರಿ ಕ್ರಿಯಾಶೀಲವಾದಾಗ ರಕ್ತನಾಳಗಳು ಕಟ್ಟಿಕೊಂಡು ತೀವ್ರ ನೋವಿನ ಬಿಕ್ಕಟ್ಟುಗಳೂ ಸಾವುಗಳೂ ಸಂಭವಿಸಿರುವುದು ದಾಖಲಾಗಿದೆ. ಹಾಗಾಗಿ ಅವರಲ್ಲಿ ಪ್ಲೆರಿಕ್ಸಾಫೋರ್ ಒಂದನ್ನೇ ಬಳಸುತ್ತಾರೆ. 2023ರ ಡಿಸೆಂಬರ್ 8ರಂದು ಅಮೆರಿಕದಲ್ಲಿ ಅನುಮತಿ ಪಡೆದ ಎರಡೂ ಸಿಕಲ್ ಸೆಲ್ ಜೀನ್ ಚಿಕಿತ್ಸೆಗಳು, ಅಂದರೆ ಜೀನನ್ನು ಕತ್ತರಿಸಿ ತಿದ್ದುವ ಕ್ರಿಸ್ಪರ್ ತಂತ್ರದ ಕ್ಯಾಸ್ಜೆವಿ ಮತ್ತು ವೈರಸ್ ವಾಹಕವನ್ನು ಬಳಸುವ ಲಿಫ್ಜೀನಿಯಾ, ಈ ಸಣ್ಣ ಅಣುವಿನ ಬೆನ್ನ ಮೇಲೆಯೇ ನಿಂತಿವೆ. ಒಂದು ಸಂಗ್ರಹಣೆಯಲ್ಲಿ ಸಾಕಷ್ಟು ಕೋಶಗಳು ಸಿಗದೆ ಕೆಲವರು ಮತ್ತೆ ಮತ್ತೆ ಬರಬೇಕಾಗುತ್ತದೆ. ಪತ್ರಿಕೆಗಳು ಜೀನ್ ತಿದ್ದುವುದನ್ನು ದೊಡ್ಡಕ್ಷರದಲ್ಲಿ ಬರೆದು ಈ ಶ್ರಮವನ್ನು ಬಿಟ್ಟುಬಿಡುತ್ತವೆ.

ನಿಮ್ಮ ಹಾಡಿಗಳ ಮಕ್ಕಳಿಗೆ ಇಂದು ತಲುಪಬೇಕಾದದ್ದು ಇದಲ್ಲ. ನಮ್ಮ ಗಡಿಗೆ ತಾಗಿದ ನೀಲಗಿರಿಯ ಬುಡಕಟ್ಟು ಜನರಲ್ಲಿ ಈ ರೋಗದ ಗುಣವನ್ನು 1952ರಲ್ಲೇ ಗುರುತಿಸಲಾಗಿತ್ತು. 2047ರೊಳಗೆ ರೋಗವನ್ನು ನಿರ್ಮೂಲಗೊಳಿಸುವ ಗುರಿಯಿಂದ ಏಳು ಕೋಟಿ ಜನರ ತಪಾಸಣೆಯನ್ನು ಕೈಗೊಳ್ಳುವ ರಾಷ್ಟ್ರೀಯ ಅಭಿಯಾನ ಆರಂಭವಾದದ್ದು 2023ರ ಜುಲೈನಲ್ಲಿ. ತಪಾಸಣೆ, ಹೈಡ್ರಾಕ್ಸಿಯೂರಿಯಾ ಮಾತ್ರೆಯ ತಪ್ಪದ ಪೂರೈಕೆ, ಜ್ವರ ಬಂದ ಕೂಡಲೇ ಆಸ್ಪತ್ರೆಗೆ ಸೇರಿಸುವ ವ್ಯವಸ್ಥೆ, ಇವು ಮೊದಲು ಗಟ್ಟಿಯಾಗಲಿ.

ಪ್ರಶ್ನೆ: ರಕ್ತದ ಕ್ಯಾನ್ಸರ್ ಇರುವವರಿಗೂ ಈ ಔಷಧಿಯಿಂದ ಕೋಶ ತೆಗೆಯುತ್ತಾರೆಯೇ?
— ಒಬ್ಬ ಓದುಗರು, ಕಲಬುರಗಿ

ಉತ್ತರ: ಮೈಲೋಮಾದಂಥ ಕೆಲವು ಕ್ಯಾನ್ಸರ್‌ಗಳಲ್ಲಿ ತೆಗೆಯುತ್ತಾರೆ; ಆದರೆ ಲ್ಯುಕೇಮಿಯಾ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್‌ನಲ್ಲಿ ಹಾಗೆ ಬಳಸಬಾರದು. ಲ್ಯುಕೇಮಿಯಾ ಕೋಶಗಳ ಮೇಲೂ ಸಿಎಕ್ಸ್‌ಸಿಆರ್-4 ಇರುವುದರಿಂದ ಅವೂ ಹೊರಬಂದು ಸಂಗ್ರಹದಲ್ಲಿ ಬೆರೆಯುತ್ತವೆ. ಇದೇ ಗುಣವನ್ನು ತಿರುಗಿಸಿ, ಮಜ್ಜೆಯ ಆಶ್ರಯದಲ್ಲಿ ಅಡಗಿರುವ ಲ್ಯುಕೇಮಿಯಾ ಕೋಶಗಳನ್ನು ಹೊರಗೆಳೆದು ಕೀಮೋಥೆರಪಿಗೆ ಒಡ್ಡುವ ಪ್ರಯೋಗಗಳು ನಡೆದಿವೆ. ಇದು ಇನ್ನೂ ರೂಢಿಯ ಚಿಕಿತ್ಸೆಯಾಗಿಲ್ಲ.

ಪ್ರಶ್ನೆ: ಈ ಪ್ರೋಟೀನ್ ಕೆಲಸ ಮಾಡದಿದ್ದರೆ ಕೋಶಗಳು ಹೊರಬರುತ್ತವೆ ಎನ್ನುವುದಾದರೆ, ಹುಟ್ಟಿನಿಂದಲೇ ಇದು ಅತಿಯಾಗಿ ಕೆಲಸ ಮಾಡುವವರೂ ಇರಬೇಕಲ್ಲವೇ?
— ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಕುಂದಾಪುರ

ಉತ್ತರ: ಇದ್ದಾರೆ, ಬಹಳ ಅಪರೂಪವಾಗಿ. ಆ ಕಾಯಿಲೆಯ ಹೆಸರು ವಿಮ್ ಸಿಂಡ್ರೋಮ್. ಸಿಎಕ್ಸ್‌ಸಿಆರ್-4ರ ಜೀನಿನಲ್ಲಾದ ಬದಲಾವಣೆಯಿಂದ ಗ್ರಾಹಕದ ಬಾಲ ತುಂಡಾಗಿ, ಸಂಕೇತ ಬಂದ ನಂತರ ಅದು ಆರುವುದಿಲ್ಲವೆಂದು 2003ರಲ್ಲಿ ಪತ್ತೆಯಾಯಿತು. ಬಿಳಿ ರಕ್ತಕಣಗಳು ಮಜ್ಜೆಯಲ್ಲೇ ಉಳಿದು, ರಕ್ತದಲ್ಲಿ ಕಡಿಮೆಯಾಗಿ, ಮೇಲಿಂದ ಮೇಲೆ ಸೋಂಕುಗಳೂ ಬಗ್ಗದ ನರುಲಿಗಳೂ ಕಾಡುತ್ತವೆ.

ಈ ರೋಗದ ಚರಿತ್ರೆಯಲ್ಲಿ ಒಂದು ವಿಚಿತ್ರ ಪ್ರಕರಣವಿದೆ. 1964ರಲ್ಲಿ ಬಾಲಕಿಯಾಗಿದ್ದಾಗ ವೈದ್ಯಕೀಯ ಸಾಹಿತ್ಯದಲ್ಲಿ ಮೊದಲು ವರ್ಣಿತಳಾದ ರೋಗಿ, ಮಧ್ಯವಯಸ್ಸಿನಲ್ಲಿ ಅಮೆರಿಕದ ಸಂಶೋಧಕರ ಬಳಿ ಬಂದಾಗ ರೋಗ ಲಕ್ಷಣಗಳು ಹಲವು ವರ್ಷಗಳಿಂದ ಇರಲೇ ಇಲ್ಲ. ಆಕೆಯ ಒಂದು ಆಕರಕೋಶದಲ್ಲಿ ಎರಡನೆಯ ವರ್ಣತಂತು ಚೂರುಚೂರಾಗಿ ಮತ್ತೆ ಅಡ್ಡಾದಿಡ್ಡಿಯಾಗಿ ಜೋಡಿಕೊಂಡಿತ್ತು. ಆ ಗೊಂದಲದಲ್ಲಿ ಕಳೆದುಹೋದ 164 ಜೀನುಗಳಲ್ಲಿ ರೋಗಕಾರಕ ಪ್ರತಿಯೂ ಒಂದಾಗಿತ್ತು. ಆ ಒಂದು ಕೋಶದ ಸಂತತಿ ಮಜ್ಜೆಯನ್ನು ಆವರಿಸಿ ಆಕೆಯ ರೋಗವನ್ನು ವಾಸಿ ಮಾಡಿತು. ಫಿಲಿಪ್ ಮರ್ಫಿ ಅವರ ತಂಡ 2015ರಲ್ಲಿ ಇದನ್ನು ಪ್ರಕಟಿಸಿತು. ಉಳಿದ ರೋಗಿಗಳಿಗೆ ಅಂಥ ಆಕಸ್ಮಿಕವನ್ನು ಕಾಯುವ ಅಗತ್ಯವಿಲ್ಲ. ಅದೇ ತಂಡ ಪ್ಲೆರಿಕ್ಸಾಫೋರನ್ನು ದಿನಕ್ಕೆ ಎರಡು ಸಲ ಚುಚ್ಚಿಕೊಳ್ಳುವ ಕ್ರಮವನ್ನು ಜಿ-ಸಿಎಸ್‌ಎಫ್ ಜೊತೆ ಹೋಲಿಸಿ ನೋಡಿತು. ಸೋಂಕುಗಳ ಲೆಕ್ಕದಲ್ಲಿ ಅದು ಮೇಲುಗೈ ಸಾಧಿಸಲಿಲ್ಲ, ನರುಲಿಗಳು ಮಾತ್ರ ಕೆಲವರಲ್ಲಿ ಕರಗಿದವು. ಆನಾರ್ಮೆಡ್‌ನ ರಸಾಯನಶಾಸ್ತ್ರಜ್ಞರು ಆ ದಿನಗಳಲ್ಲೇ ರೂಪಿಸಿದ್ದ, ಸೈಕ್ಲಾಮ್ ಉಂಗುರಗಳ ಭಾರವಿಲ್ಲದ, ಕರುಳು ಹೀರಿಕೊಳ್ಳಬಲ್ಲ ಇನ್ನೊಂದು ಸಣ್ಣ ಅಣು ಮಾವೊರಿಕ್ಸಾಫೋರ್ ಎಂಬ ಹೆಸರಿನಲ್ಲಿ, ಬಾಯಿಯಿಂದ ತೆಗೆದುಕೊಳ್ಳುವ ಔಷಧಿಯಾಗಿ, 12 ವರ್ಷ ಮತ್ತು ಮೇಲ್ಪಟ್ಟ ವಿಮ್ ರೋಗಿಗಳಿಗೆಂದು 2024ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದಿದೆ.